ನಿಷ್ಕಾಳಜಿಯ ಕಲಮು, ಗಮನಭಂಗದ ಅಂಕಣ: ಮಾವಳ್ಳಿ ಹೆದ್ದಾರಿಯ ಅಪಘಾತ ದಾಖಲೆಗಳ ಚರಿತ್ರೆ

ಭಟ್ಕಳ ತಾಲ್ಲೂಕಿನ ಮಾವಳ್ಳಿಯ ಹೆಸರನ್ನು ಹೊರಗಿನವರು ಕೇಳಿರುವುದು ಕಡಿಮೆ. ಆದರೆ ಅಲ್ಲಿಗೆ ಬಂದು ಹೋದವರ ಸಂಖ್ಯೆ ದೊಡ್ಡದು, ಏಕೆಂದರೆ ಮುರ್ಡೇಶ್ವರದ ದೇವಸ್ಥಾನ, ಕಡಲತೀರ, ಪೇಟೆ ಎಲ್ಲವೂ ಮಾವಳ್ಳಿ ಪಂಚಾಯಿತಿಗಳ ವ್ಯಾಪ್ತಿಯಲ್ಲಿಯೇ ಇವೆ. ಭಟ್ಕಳ, ಹೊನ್ನಾವರ, ಕುಮಟಾ ಪಟ್ಟಣಗಳನ್ನು ಒಂದೇ ಸಾಲಿನಲ್ಲಿ ಪೋಣಿಸುವ ಕರಾವಳಿ ಹೆದ್ದಾರಿ ಈ ಊರಿನ ಮೇಲೆಯೇ ಹಾದುಹೋಗುತ್ತದೆ. ಬಹುಕಾಲ ರಾಷ್ಟ್ರೀಯ ಹೆದ್ದಾರಿ 17 ಎಂದು ಕರೆಸಿಕೊಂಡು, 2010ರ ಮರುಸಂಖ್ಯೆಯ ನಂತರ 66 ಎಂದಾದ ಈ ರಸ್ತೆಯಲ್ಲಿ ನಡೆದ ಅಪಘಾತಗಳ ಕಡತಗಳು ಠಾಣೆಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ದಶಕಗಳಿಂದ ಬೆಳೆಯುತ್ತ ಬಂದಿವೆ. ಯಾವ ವಾಹನ, ಯಾವ ದಿಕ್ಕು, ಎಷ್ಟು ಗಂಟೆ, ಯಾರಿಗೆ ಎಲ್ಲಿ ಪೆಟ್ಟು ಎಂಬುದನ್ನು ವಿವರವಾಗಿ ಹೇಳುವ ಆ ಕಡತಗಳು, ಡಿಕ್ಕಿಯ ಹಿಂದಿನ ಎರಡು ಮೂರು ಸೆಕೆಂಡುಗಳಲ್ಲಿ ಚಾಲಕನ ಕಣ್ಣು ಎಲ್ಲಿತ್ತು ಎಂಬ ಪ್ರಶ್ನೆಗೆ ಬಂದಾಗ ಮೌನ ವಹಿಸುತ್ತವೆ. ಈ ಮೌನಕ್ಕೆ ಪೊಲೀಸರ ಅಲಕ್ಷ್ಯವೇ ಕಾರಣವೆಂದು ತೀರ್ಮಾನಿಸುವುದು ಸುಲಭ, ಆದರೆ ಅದು ಸರಿಯಲ್ಲ; ಅಪಘಾತವನ್ನು ಬರೆದಿಡುವ ಪದ್ಧತಿ ಯಾವ ಉದ್ದೇಶಕ್ಕಾಗಿ ಹುಟ್ಟಿತು ಎಂಬುದರಲ್ಲಿಯೇ ಅದರ ಬೇರು ಇದೆ.

ಇಲ್ಲಿ ಗಮನಭಂಗ ಎಂದರೆ ವಾಹನ ನಡೆಸುತ್ತಿರುವವನ ಲಕ್ಷ್ಯವು ರಸ್ತೆಯಿಂದ ಮತ್ತೊಂದು ವಸ್ತುವಿನತ್ತ ಅಥವಾ ಕೆಲಸದತ್ತ ಸರಿಯುವುದು. ತಜ್ಞರು ಇದನ್ನು ಮೂರು ಬಗೆಯಾಗಿ ನೋಡುತ್ತಾರೆ: ಕಣ್ಣು ರಸ್ತೆಯಿಂದ ಸರಿಯುವುದು, ಕೈ ಸ್ಟೇರಿಂಗ್ ಬಿಡುವುದು, ಕಣ್ಣು ಕೈಗಳೆರಡೂ ಇದ್ದಲ್ಲಿಯೇ ಇದ್ದರೂ ಮನಸ್ಸು ಬೇರೆಡೆ ಹೋಗುವುದು. ಮೊಬೈಲ್ ಫೋನು ಈ ಮೂರನ್ನೂ ಒಟ್ಟಿಗೆ ಸಾಧಿಸುವುದರಿಂದ ಅದರ ಮಾತು ಹೆಚ್ಚು ಕೇಳಿಬರುತ್ತದೆ, ಆದರೆ ಗಮನಭಂಗದ ಚರಿತ್ರೆ ಫೋನಿಗಿಂತ ಬಹಳ ಹಳೆಯದು.

ಭಾರತೀಯ ದಂಡ ಸಂಹಿತೆ 1860ರಲ್ಲಿ ರೂಪುಗೊಂಡು 1862ರ ಜನವರಿ 1ರಂದು ಜಾರಿಗೆ ಬಂದಿತು. ಅದೇ ವರ್ಷ ಉತ್ತರ ಕನ್ನಡ ಜಿಲ್ಲೆಯು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. ಧಾರವಾಡ ಸೀಮೆಯ ಹತ್ತಿಯನ್ನು ಹೇರಿಕೊಂಡ ಎತ್ತಿನ ಗಾಡಿಗಳು ಘಟ್ಟವಿಳಿದು ಕುಮಟಾ ಬಂದರಿಗೆ ಬರುತ್ತಿದ್ದ, ಆ ಹತ್ತಿಗೆ ದೂರದ ಮಾರುಕಟ್ಟೆಗಳಲ್ಲಿ ಕುಮಟಾದ ಹೆಸರೇ ಅಂಟಿಕೊಂಡಿದ್ದ ಕಾಲವದು. ಸಂಹಿತೆಯ 279ನೆಯ ಕಲಮು ಸಾರ್ವಜನಿಕ ದಾರಿಯಲ್ಲಿ ಮನುಷ್ಯಪ್ರಾಣಕ್ಕೆ ಅಪಾಯವಾಗುವಂತೆ ದುಡುಕಿನಿಂದಾಗಲಿ ನಿರ್ಲಕ್ಷ್ಯದಿಂದಾಗಲಿ ವಾಹನ ಹೊಡೆಯುವುದನ್ನು ಅಥವಾ ಸವಾರಿ ಮಾಡುವುದನ್ನು ಅಪರಾಧವೆಂದು ಸಾರಿತು. ಮೋಟಾರು ಇನ್ನೂ ಹುಟ್ಟದಿದ್ದ ದಿನಗಳಲ್ಲಿ ಗಾಡಿ ಕುದುರೆಗಳಿಗಾಗಿ ಬರೆದ ಈ ವಾಕ್ಯವೇ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಲಾರಿ, ಬಸ್ಸು, ಟೆಂಪೊ, ಬೈಕುಗಳ ಮೇಲಿನ ಪ್ರಕರಣಗಳಿಗೆಲ್ಲ ಆಧಾರವಾಯಿತು. 1870ರಲ್ಲಿ ನಿರ್ಲಕ್ಷ್ಯದಿಂದ ಸಾವು ಸಂಭವಿಸುವುದಕ್ಕೆ ಸಂಬಂಧಿಸಿದ 304ಎ ಕಲಮು ಸೇರಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಈ ಎರಡು ಕಲಮುಗಳು ಕ್ರಮವಾಗಿ 281 ಮತ್ತು 106(1) ಆಗಿವೆ. ಸಂಖ್ಯೆ ಬದಲಾದರೂ ದುಡುಕು ಮತ್ತು ನಿರ್ಲಕ್ಷ್ಯ ಎಂಬ ಜೋಡಿ ಹಾಗೆಯೇ ಉಳಿದಿದೆ.

ಈ ಜೋಡಿಯ ಎರಡು ತುದಿಗಳ ನಡುವಿನ ವ್ಯತ್ಯಾಸವನ್ನು 1872ರಷ್ಟು ಹಿಂದೆಯೇ ಮದ್ರಾಸ್ ಹೈಕೋರ್ಟು ನಿದಮರ್ತಿ ನಾಗಭೂಷಣಂ ಪ್ರಕರಣದಲ್ಲಿ ಬಿಡಿಸಿ ತೋರಿಸಿತ್ತು. ಕೆಡುಕು ಸಂಭವಿಸಬಹುದೆಂಬ ಅರಿವಿದ್ದೂ, ಅದು ಸಂಭವಿಸಲಾರದೆಂಬ ಭರವಸೆಯಲ್ಲಿ ಮುಂದುವರಿಯುವುದು ದುಡುಕು. ಆ ಅರಿವೇ ಇಲ್ಲದೆ, ಆದರೆ ತಕ್ಕ ಎಚ್ಚರ ವಹಿಸಿದ್ದರೆ ಅರಿವು ಮೂಡುತ್ತಿತ್ತು ಎಂಬ ಸಂದರ್ಭದಲ್ಲಿ ನಡೆದುಕೊಳ್ಳುವುದು ನಿರ್ಲಕ್ಷ್ಯ ಎಂಬುದು ಅದರ ಸಾರ. ಇಂದಿನ ಸಂಶೋಧಕರು ಗಮನಭಂಗ ಎನ್ನುವುದರ ಬಹುಪಾಲು ಈ ಎರಡನೆಯ ವಿವರಣೆಯೊಳಗೆ ಕೂತುಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಅಂದರೆ ಎಚ್ಚರ ತಪ್ಪುವುದನ್ನು ಕಾನೂನು ಮೊದಲಿನಿಂದಲೂ ಬಲ್ಲದು. ಆದರೆ ಎಚ್ಚರ ಏಕೆ ತಪ್ಪಿತು, ಯಾವುದು ಅದನ್ನು ಸೆಳೆಯಿತು ಎಂದು ಕೇಳುವ ಅಗತ್ಯ ಅದಕ್ಕೆ ಬೀಳಲಿಲ್ಲ. ತಪ್ಪಿತಸ್ಥನನ್ನು ಗುರುತಿಸಿದಲ್ಲಿಗೆ ಅದರ ಕೆಲಸ ಮುಗಿಯುತ್ತಿತ್ತು.

ಮೋಟಾರು ವಾಹನಗಳ ಬಗೆಗೆ 1914ರಲ್ಲಿ ಮೊದಲ ಅಖಿಲ ಭಾರತ ಕಾಯ್ದೆ ಬಂದು, 1939ರಲ್ಲಿ ಅದರ ಸ್ಥಾನವನ್ನು ಹೆಚ್ಚು ವಿಸ್ತಾರವಾದ ಇನ್ನೊಂದು ಕಾಯ್ದೆ ತುಂಬಿತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಂಥ ಹೊಳೆಗಳು ಅಡ್ಡಲಾಗಿ ಹರಿಯುವ ಉತ್ತರ ಕನ್ನಡದ ಕರಾವಳಿಯಲ್ಲಿ ಸೇತುವೆಗಳು ಬರುವ ತನಕ ಮೋಟಾರು ಪ್ರಯಾಣವೆಂದರೆ ಕಡವಿನಿಂದ ಕಡವಿಗೆ ತುಂಡು ತುಂಡಾಗಿ ಸಾಗುವ ಸಂಗತಿಯಾಗಿತ್ತು. ಎಡೆಬಿಡದೆ ವೇಗವಾಗಿ ಓಡುವ ರಸ್ತೆ ಇಲ್ಲಿಗೆ ತಡವಾಗಿ ಒದಗಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಅದೇ ವರ್ಷದ ತಿದ್ದುಪಡಿಯಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿಯಾಯಿತು. ಅಪಘಾತದ ಕಡತದ ಚರಿತ್ರೆಯಲ್ಲಿ ಇದು ದೊಡ್ಡ ತಿರುವು: ಅಲ್ಲಿಯವರೆಗೆ ಶಿಕ್ಷೆಗಾಗಿ ಬರೆಯುತ್ತಿದ್ದ ಕಾಗದವು ಇನ್ನು ಮುಂದೆ ವಿಮಾ ಹಣಕ್ಕಾಗಿಯೂ ಬೇಕಾಯಿತು. ಯಾರ ನಿರ್ಲಕ್ಷ್ಯ ಎಂಬುದು ಸ್ಪಷ್ಟವಾಗಿ ಬರೆಯಲ್ಪಡದಿದ್ದರೆ ದುಡಿಯುವ ಕೈಯನ್ನು ಕಳೆದುಕೊಂಡ ಮನೆಗೆ ಪರಿಹಾರ ಸಿಗುವುದು ಕಷ್ಟವಾಗುತ್ತಿದ್ದುದರಿಂದ, ಫಿರ್ಯಾದಿಯ ಭಾಷೆ ಒಂದು ಅಚ್ಚಿಗೆ ಒಗ್ಗಿಕೊಂಡಿತು.

ಆ ಅಚ್ಚು ಉತ್ತರ ಕನ್ನಡದ ಠಾಣೆಗಳಲ್ಲಿ ಇಂದಿಗೂ ಜೀವಂತವಾಗಿದೆ. ಆರೋಪಿತ ಚಾಲಕನು ತನ್ನ ವಾಹನವನ್ನು ಅತೀ ವೇಗ ಹಾಗೂ ನಿಷ್ಕಾಳಜಿತನದಿಂದ ಚಲಾಯಿಸಿಕೊಂಡು ಬಂದು ಡಿಕ್ಕಿ ಹೊಡೆದನೆಂಬ ಒಕ್ಕಣೆ ಪ್ರಥಮ ವರ್ತಮಾನ ವರದಿಯಲ್ಲಿ, ಅಂದರೆ ಅಪರಾಧದ ಸುದ್ದಿ ಬಂದೊಡನೆ ಠಾಣೆಯಲ್ಲಿ ದಾಖಲಾಗುವ ಮೊದಲ ವರದಿಯಲ್ಲಿ, ಮತ್ತೆ ಮತ್ತೆ ಕಾಣಿಸುತ್ತದೆ. ದಕ್ಷಿಣ ಕನ್ನಡದ ಠಾಣೆಗಳಲ್ಲಿ ಅದೇ ಜಾಗದಲ್ಲಿ ದುಡುಕುತನ ಮತ್ತು ನಿರ್ಲಕ್ಷ್ಯತನ ಎಂಬ ಜೋಡಿ ಬರುತ್ತದೆ. ಊಟ ಮುಗಿಸಿ ತೂಕಡಿಸಿದವನು, ಪಕ್ಕದವನೊಡನೆ ಮಾತಿಗೆ ಬಿದ್ದವನು, ಫೋನಿನ ಪರದೆ ನೋಡಿದವನು, ನಿಜವಾಗಿಯೇ ಅತಿವೇಗದಿಂದ ಬಂದವನು, ಎಲ್ಲರೂ ಈ ಒಂದೇ ವಾಕ್ಯದೊಳಗೆ ಸೇರಿಹೋಗುತ್ತಾರೆ. ನ್ಯಾಯ ಕೇಳಲು ಬಂದ ಕುಟುಂಬಕ್ಕೆ ಆ ವಾಕ್ಯ ಅನ್ನದ ಪ್ರಶ್ನೆಯಾಗಿದ್ದುದರಿಂದ ಅದನ್ನು ಬರೆದವರನ್ನಾಗಲಿ ಬರೆಸಿದವರನ್ನಾಗಲಿ ದೂರುವುದು ನ್ಯಾಯವಲ್ಲ. ಆದರೂ ನಷ್ಟವೇನೂ ಆಗಲಿಲ್ಲವೆಂದು ಹೇಳಲಾಗದು, ಏಕೆಂದರೆ ಅಪಘಾತದ ಕಾರಣಗಳೊಳಗಿನ ಭೇದಗಳೆಲ್ಲ ಮೊದಲ ಪುಟದಲ್ಲಿಯೇ ಅಳಿಸಿಹೋದವು.

ತನಿಖೆಯ ಮುಂದಿನ ಹಂತವಾದ ಸ್ಥಳ ಪಂಚನಾಮೆಯನ್ನು ಹತ್ತಿರದಿಂದ ನೋಡಿದರೆ ಈ ಮಾತು ಇನ್ನಷ್ಟು ತಿಳಿಯಾಗುತ್ತದೆ. ಪಂಚನಾಮೆ ಎಂದರೆ ಊರಿನ ಪಂಚರ ಸಮಕ್ಷಮ ಘಟನಾಸ್ಥಳವನ್ನು ಪರಿಶೀಲಿಸಿ ಬರೆಯುವ ದಾಖಲೆ. ಡಾಂಬರಿನ ಅಗಲ, ಅಂಚಿನ ಮಣ್ಣುದಾರಿಯ ಅಗಲ, ವಾಹನ ನಿಂತ ಜಾಗದಿಂದ ರಸ್ತೆಯಂಚಿಗೆ ಇರುವ ದೂರ, ಒಡೆದ ಗಾಜು, ರಕ್ತದ ಕಲೆ, ಬ್ರೇಕು ಹಾಕಿದಾಗ ಟೈರು ಉಜ್ಜಿ ಬಿದ್ದ ಗುರುತು, ಇವನ್ನೆಲ್ಲ ಟೇಪು ಹಿಡಿದು ಅಳೆದು, ಕೈ ನಕ್ಷೆಯಲ್ಲಿ ತೋರಿಸುತ್ತಾರೆ. ಇದ್ದದ್ದನ್ನು ಬರೆಯುವ ಈ ಪದ್ಧತಿಯಲ್ಲಿ ಇಲ್ಲದ್ದನ್ನು ಬರೆಯುವ ರೂಢಿ ಬೆಳೆಯಲಿಲ್ಲ. ನೇರವಾದ ರಸ್ತೆಯಲ್ಲಿ, ಹಗಲಿನಲ್ಲಿ, ಎದುರಿನ ವಾಹನವೋ ರಸ್ತೆ ದಾಟುವ ಮನುಷ್ಯನೋ ದೂರದಿಂದಲೇ ಕಾಣಿಸಬೇಕಾದ ಕಡೆಯಲ್ಲಿ ಬ್ರೇಕಿನ ಗುರುತೇ ಇಲ್ಲವೆಂದರೆ, ಚಾಲಕನು ಕೊನೆಯ ಗಳಿಗೆಯವರೆಗೂ ಅದನ್ನು ಕಂಡಿರಲಾರನು ಎಂಬ ಅನುಮಾನಕ್ಕೆ ಅದೊಂದು ಬಲವಾದ ಸೂಚನೆಯಾಗುತ್ತದೆ. ಚಕ್ರ ಜಾಮಾಗದಂತೆ ತಡೆಯುವ ಎಬಿಎಸ್ ವ್ಯವಸ್ಥೆಯುಳ್ಳ ಇಂದಿನ ವಾಹನಗಳು ಗುರುತು ಬಿಡುವುದೇ ಕಡಿಮೆಯಾದ್ದರಿಂದ ಈ ಸೂಚನೆಯನ್ನು ಕುರುಡಾಗಿ ನಂಬುವಂತಿಲ್ಲ. ಆದರೆ ಹಳೆಯ ಲಾರಿ ಟೆಂಪೊಗಳ ಕಾಲದಲ್ಲಿ, ಅದು ನಂಬಬಹುದಾಗಿದ್ದಾಗ, ಅದನ್ನು ಕೇಳುವವರಿರಲಿಲ್ಲ.

ಪಂಚನಾಮೆಯ ನಂತರ ಬರುವುದು ಮೋಟಾರು ವಾಹನ ನಿರೀಕ್ಷಕರ ವರದಿ. ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಸಿಕೊಳ್ಳುವ ಈ ಅಧಿಕಾರಿ ಬ್ರೇಕು, ಸ್ಟೇರಿಂಗು, ಟೈರುಗಳನ್ನು ಪರೀಕ್ಷಿಸಿ, ಅಪಘಾತವು ವಾಹನದ ಯಾಂತ್ರಿಕ ದೋಷದಿಂದ ಆದದ್ದೋ ಅಲ್ಲವೋ ಎಂದು ಅಭಿಪ್ರಾಯ ಕೊಡುತ್ತಾರೆ. ಯಾಂತ್ರಿಕ ದೋಷವಿಲ್ಲವೆಂಬ ಒಂದು ಸಾಲು ಬಂದರೆ ಹೊಣೆ ತಾನಾಗಿ ಚಾಲಕನ ಮೇಲೆ ಬೀಳುತ್ತದೆ. ಯಂತ್ರ ಮತ್ತು ಮನುಷ್ಯ ಎಂಬ ಎರಡೇ ಪೆಟ್ಟಿಗೆಗಳಿರುವ ಈ ಲೆಕ್ಕದಲ್ಲಿ ಮನುಷ್ಯನ ಪೆಟ್ಟಿಗೆಯನ್ನು ತೆರೆದು ನೋಡುವ ಮೂರನೆಯ ಅಧಿಕಾರಿ ಯಾರೂ ಇಲ್ಲ.

ಚಾಲಕನನ್ನೇ ಕೇಳಬಹುದಲ್ಲ ಎಂಬ ಪ್ರಶ್ನೆ ಸಹಜ. ಆದರೆ 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮಿನ ಪ್ರಕಾರ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿತನ ವಿರುದ್ಧ ಬಳಸುವಂತಿರಲಿಲ್ಲ; ಅದರ ಜಾಗಕ್ಕೆ ಬಂದ ಕಾನೂನಿನಲ್ಲಿಯೂ ಈ ನಿಯಮ ಹಾಗೆಯೇ ಉಳಿದಿದೆ. ಸಂವಿಧಾನದ 20(3)ನೆಯ ವಿಧಿ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿತನನ್ನು ಬಲವಂತಪಡಿಸಬಾರದೆನ್ನುತ್ತದೆ. ಹಿಂಸೆಯಿಂದ ತಪ್ಪೊಪ್ಪಿಗೆ ಪಡೆಯುವುದನ್ನು ತಡೆಯಲು ಬಂದ ಈ ರಕ್ಷಣೆಗಳು ಬೇಕೇ ಬೇಕು. ಅವುಗಳ ಇನ್ನೊಂದು ಪರಿಣಾಮವೆಂದರೆ, ಫೋನು ನೋಡುತ್ತಿದ್ದೆ ಎಂದು ಚಾಲಕ ಹೇಳಿದರೂ ಅದು ದೋಷಾರೋಪಣಾ ಪಟ್ಟಿಗೆ ಉಪಯೋಗವಿಲ್ಲದ ಮಾತಾಗಿ, ಬರೆದುಕೊಳ್ಳಲು ಯಾರಿಗೂ ಕಾರಣವಿಲ್ಲದಂತಾಗುತ್ತದೆ. ಇದರ ಜೊತೆಗೆ ಹಳೆಯ ಅಚ್ಚಿನ ಮೊದಲ ಅರ್ಧವೂ ನ್ಯಾಯಾಲಯದಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. 1998ರಲ್ಲಿ ಕರ್ನಾಟಕ ರಾಜ್ಯ ವಿರುದ್ಧ ಸತೀಶ್ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅತಿವೇಗ ಎಂಬುದು ಸಾಪೇಕ್ಷವಾದ ಮಾತು, ಲಾರಿ ವೇಗವಾಗಿ ಬಂತೆಂದು ಸಾಕ್ಷಿಗಳು ಹೇಳಿದ ಮಾತ್ರಕ್ಕೆ ದುಡುಕಾಗಲಿ ನಿರ್ಲಕ್ಷ್ಯವಾಗಲಿ ಸಿದ್ಧವಾಗುವುದಿಲ್ಲ ಎಂದು ತೀರ್ಮಾನಿಸಿತು. ವೇಗವೆಂಬ ಒಂದೇ ಮಾತಿನಲ್ಲಿ ಎಲ್ಲ ಕಾರಣಗಳನ್ನೂ ಅಡಗಿಸುವ ರೂಢಿಯ ಟೊಳ್ಳು ಕರ್ನಾಟಕದ ಪ್ರಕರಣವೊಂದರಲ್ಲಿಯೇ ಹೀಗೆ ಬಯಲಾದರೂ ಠಾಣೆಯ ಒಕ್ಕಣೆ ಬದಲಾಗಲಿಲ್ಲ.

ಕಡತಗಳ ಹೊರಗೆ, ನಿತ್ಯದ ಬದುಕಿನಲ್ಲಿ, ಈ ತಿಳಿವಳಿಕೆ ಇರಲಿಲ್ಲವೆಂದಲ್ಲ. ಸರ್ಕಾರಿ ಬಸ್ಸುಗಳಲ್ಲಿ ಚಾಲಕರ ಆಸನದ ಬಳಿ ಬರೆದಿರುತ್ತಿದ್ದ, ಚಾಲಕರೊಡನೆ ಮಾತನಾಡಬಾರದೆಂಬ ಸೂಚನೆಯನ್ನು ತಲೆಮಾರುಗಳ ಕನ್ನಡಿಗರು ಓದಿಕೊಂಡು ಪ್ರಯಾಣ ಮಾಡಿದ್ದಾರೆ. ಗಮನಭಂಗವನ್ನು ಕುರಿತು ಕನ್ನಡದಲ್ಲಿ ಅತಿ ಹೆಚ್ಚು ಜನ ಓದಿರುವ ಬರಹ ಅದೇ ಇರಬೇಕು. ಬೇರೆ ಬೇರೆ ಊರುಗಳ ಹೆಸರು ಕೂಗುತ್ತ ಹೊನ್ನಾವರ–ಭಟ್ಕಳ ನಡುವೆ ಓಡುವ ಟೆಂಪೊಗಳಲ್ಲಿ ಇಂಥ ಸೂಚನೆಗೆ ಜಾಗವಿರಲಿಲ್ಲ. ಅಲ್ಲಿ ಚಾಲಕ ರಸ್ತೆಯನ್ನೂ ನೋಡಬೇಕು, ರಸ್ತೆಯಂಚಿನಲ್ಲಿ ಕೈ ತೋರುವ ಪ್ರಯಾಣಿಕರನ್ನೂ ಹುಡುಕಬೇಕು. ಕಸುಬಿನ ಕಟ್ಟಲೆಯೇ ಗಮನವನ್ನು ಎರಡಾಗಿ ಸೀಳುವ ಇಂಥ ಸ್ಥಿತಿಯನ್ನು ಯಾವ ನಮೂನೆಯೂ ಕೇಳಿಲ್ಲ.

ಹೊರದೇಶಗಳಲ್ಲಿ ಈ ಪ್ರಶ್ನೆಯನ್ನು ಪೊಲೀಸ್ ಕಡತದಿಂದ ಬಿಡಿಸಿ ಪ್ರಯೋಗಕ್ಕೆ ಒಡ್ಡುವ ಕೆಲಸ ಮೊದಲೇ ನಡೆದಿತ್ತು. 1969ರಲ್ಲಿ ಇಂಗ್ಲೆಂಡಿನ ಐವನ್ ಬ್ರೌನ್ ಮತ್ತು ಸಂಗಡಿಗರು ದೂರವಾಣಿಯಲ್ಲಿ ಮಾತನಾಡುತ್ತ ಕಾರು ನಡೆಸುವವರ ತೀರ್ಮಾನಶಕ್ತಿಯನ್ನು ಪರೀಕ್ಷಿಸಿದ್ದರು. 1997ರಲ್ಲಿ ಡೊನಾಲ್ಡ್ ರೆಡೆಲ್‌ಮೈಯರ್ ಮತ್ತು ರಾಬರ್ಟ್ ಟಿಬ್‌ಶಿರಾನಿ ಟೊರೊಂಟೊ ನಗರದ 699 ಚಾಲಕರ ಫೋನ್ ಬಿಲ್ಲುಗಳನ್ನು ಡಿಕ್ಕಿಯ ಸಮಯದೊಡನೆ ತಾಳೆ ನೋಡಿ, ಮಾತನಾಡುತ್ತಿರುವಾಗ ಅಪಾಯ ಸುಮಾರು ನಾಲ್ಕು ಪಟ್ಟು ಹೆಚ್ಚುವುದನ್ನೂ, ಕೈಯಲ್ಲಿ ಹಿಡಿಯದೆ ಮಾತನಾಡುವುದರಿಂದ ಅದು ತಗ್ಗಿದ್ದು ಕಂಡುಬಾರದಿರುವುದನ್ನೂ ಪ್ರಕಟಿಸಿದರು. ವರ್ಜಿನಿಯಾದ ಸಂಶೋಧಕರು ನೂರು ಕಾರುಗಳೊಳಗೆ ಕ್ಯಾಮೆರಾ ಅಳವಡಿಸಿ ನಡೆಸಿ, 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು 80 ಪ್ರತಿಶತ ಡಿಕ್ಕಿಗಳಲ್ಲಿ ಘಟನೆಗೆ ಮೂರು ಸೆಕೆಂಡು ಮೊದಲು ಚಾಲಕನ ಲಕ್ಷ್ಯ ಒಂದಲ್ಲ ಒಂದು ರೀತಿಯಲ್ಲಿ ರಸ್ತೆಯ ಮೇಲಿರಲಿಲ್ಲವೆಂದು ಕಂಡುಬಂತು. ಈ ಮೂರೂ ಪ್ರಯತ್ನಗಳಲ್ಲಿ ಯಾವ ಚಾಲಕನಿಗೂ ಶಿಕ್ಷೆ ಕೊಡಿಸುವ ಉದ್ದೇಶವಿರಲಿಲ್ಲವೆಂಬುದು ಇಲ್ಲಿ ಮುಖ್ಯ.

ಭಾರತದಲ್ಲಿ ಮೊಬೈಲ್ ಸೇವೆ 1995ರಲ್ಲಿ ಆರಂಭವಾಯಿತು; ಕಾನೂನು ಅದರ ಹಿಂದೆ ನಿಧಾನವಾಗಿ ನಡೆಯಿತು. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿಯು 2015ರಲ್ಲಿ, ಚಾಲನೆಯ ವೇಳೆ ಮೊಬೈಲ್ ಬಳಸಿದವರ ಪರವಾನಗಿಯನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡುವಂತೆ ರಾಜ್ಯಗಳಿಗೆ ಸೂಚಿಸಿತು. 2018ರಲ್ಲಿ ಕೇರಳ ಹೈಕೋರ್ಟು, ಸಾರ್ವಜನಿಕರಿಗೆ ಅಪಾಯ ತರದೆ ಫೋನಿನಲ್ಲಿ ಮಾತನಾಡುತ್ತ ವಾಹನ ನಡೆಸಿದ್ದಷ್ಟೇ ಆ ರಾಜ್ಯದ ಪೊಲೀಸ್ ಕಾಯ್ದೆಯಡಿ ಅಪರಾಧವಾಗದೆಂದು ಹೇಳಿದಾಗ ಕಾನೂನಿನ ಸಂದು ಎಲ್ಲರಿಗೂ ಕಾಣಿಸಿತು. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯು ಕೈಯಲ್ಲಿ ಹಿಡಿಯುವ ಸಂವಹನ ಸಾಧನದ ಬಳಕೆಯನ್ನು 184ನೆಯ ಕಲಮಿನ ಅಪಾಯಕಾರಿ ಚಾಲನೆಯ ವಿವರಣೆಯೊಳಗೆ ಸ್ಪಷ್ಟವಾಗಿ ಸೇರಿಸಿತು. ಮರುವರ್ಷ ನಿಯಮಗಳಲ್ಲಿ, ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ ದಾರಿ ತಿಳಿಯಲು ಮಾತ್ರ ಅದನ್ನು ಬಳಸಬಹುದೆಂಬ ವಿನಾಯಿತಿ ಬಂತು.

ಅಂಕಿಅಂಶಗಳ ಚರಿತ್ರೆ ಇದಕ್ಕೆ ಸಮಾನಾಂತರವಾಗಿ ಸಾಗಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಗಳು ದೀರ್ಘಕಾಲ ಚಾಲಕನ ತಪ್ಪು ಎಂಬ ಒಂದು ಬೃಹತ್ ಅಂಕಣವನ್ನು ಹೊತ್ತು ತಂದವು. 2016ರಲ್ಲಿ ದೇಶದ 4,80,652 ಅಪಘಾತಗಳ ಪೈಕಿ 84 ಪ್ರತಿಶತ ಅದರೊಳಗೆ ಬಿದ್ದಿದ್ದವು. ಠಾಣೆಯ ಆರೋಪವನ್ನೇ ಕಾರಣವೆಂದು ಎಣಿಸುವ ಈ ಲೆಕ್ಕವನ್ನು ನಂಬಲಾಗದೆಂದು ದೆಹಲಿ ಐಐಟಿಯ ದಿನೇಶ್ ಮೋಹನ್ ಅವರು ವಾದಿಸುತ್ತ ಬಂದಿದ್ದರು. ಅವರ ವಾದ ಸರಿಯೆಂದು ಈ ಭಾಗದ ಕಡತಗಳ ಒಕ್ಕಣೆಯೇ ಹೇಳುತ್ತದೆ. ಅದೇ 2016ರ ವರದಿಯಲ್ಲಿ ಮೊಬೈಲ್ ಬಳಕೆ ಪ್ರತ್ಯೇಕವಾಗಿ ಕಾಣಿಸಿಕೊಂಡು, 4,976 ಅಪಘಾತಗಳೂ 2,138 ಸಾವುಗಳೂ ಅದರ ಹೆಸರಿಗೆ ಬಂದವು. 2022ರಲ್ಲಿ ಈ ಸಂಖ್ಯೆಗಳು 7,558 ಮತ್ತು 3,395. ಅದೇ ವರ್ಷ 70 ಪ್ರತಿಶತಕ್ಕೂ ಹೆಚ್ಚು ಅಪಘಾತಗಳು ಅತಿವೇಗದ ಅಂಕಣಕ್ಕೆ ಸೇರಿದವು. ಅತಿವೇಗ, ಮದ್ಯಪಾನ, ತಪ್ಪು ಬದಿಯ ಚಾಲನೆ, ಕೆಂಪು ದೀಪ ದಾಟುವುದು, ಮೊಬೈಲ್ ಬಳಕೆ, ಇತರೆ ಎಂದು ಹಂಚಿದ ಈ ಕೋಷ್ಟಕದಲ್ಲಿ ಒಂದು ಅಪಘಾತಕ್ಕೆ ಒಂದೇ ಮನೆ. ವೇಗವಾಗಿ ಹೋಗುತ್ತ ಫೋನು ನೋಡಿದವನ ಪ್ರಕರಣ ಎರಡರಲ್ಲಿಯೂ ಕಾಣಿಸಿಕೊಳ್ಳುವಂತಿಲ್ಲ. ಮಗುವನ್ನು ಸಮಾಧಾನಪಡಿಸಲು ಹಿಂದಕ್ಕೆ ತಿರುಗಿದ್ದು, ಬಿದ್ದ ನೀರಿನ ಬಾಟಲಿ ಎತ್ತಲು ಬಗ್ಗಿದ್ದು, ರಸ್ತೆಬದಿಯ ದೃಶ್ಯಕ್ಕೆ ಕಣ್ಣು ಹೋದದ್ದು ಇವಕ್ಕಂತೂ ಇತರೆ ಎಂಬುದೇ ಗತಿ. ಮೊಬೈಲ್ ಬಳಕೆಯ ಅಂಕಣಕ್ಕೆ ದೊರೆತ ಸುಮಾರು ಒಂದೂವರೆ ಪ್ರತಿಶತವನ್ನು ಗಮನಭಂಗದ ಪ್ರಮಾಣವೆಂದು ಓದುವವರು ಅಂಕಣದ ಅಗಲವನ್ನು ಸತ್ಯದ ಅಗಲವೆಂದು ತಿಳಿಯುತ್ತಿದ್ದಾರೆ.

2021ರಿಂದ ಠಾಣೆಯ ಸಿಬ್ಬಂದಿ ಸ್ಥಳದಲ್ಲಿಯೇ ಮೊಬೈಲ್ ಆ್ಯಪ್ ಮೂಲಕ ಅಪಘಾತದ ವಿವರ, ಛಾಯಾಚಿತ್ರ, ಅಕ್ಷಾಂಶ ರೇಖಾಂಶಗಳನ್ನು ದಾಖಲಿಸುವ ಐರಾಡ್ ಎಂಬ ಸಮಗ್ರ ರಸ್ತೆ ಅಪಘಾತ ದತ್ತಸಂಚಯ ಬಳಕೆಗೆ ಬಂದಿದೆ. ಮದ್ರಾಸ್ ಐಐಟಿ ರೂಪಿಸಿದ ಇದನ್ನು ಮೊದಲು ಪ್ರಯೋಗಕ್ಕೊಡ್ಡಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2022ರ ಏಪ್ರಿಲ್‌ನಿಂದ ಜಾರಿಯಾದ ನಿಯಮಗಳು ಪರಿಹಾರ ನ್ಯಾಯಮಂಡಳಿಗೆ 48 ಗಂಟೆಯೊಳಗೆ ಮೊದಲ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ಸಲ್ಲಿಸಬೇಕೆಂದು ವಿಧಿಸಿವೆ. ಎಲ್ಲಿ ನಡೆಯಿತು ಎಂಬುದರ ನಿಖರತೆ ಇದರಿಂದ ಬಹಳ ಹೆಚ್ಚಿದೆ. ಫೋನಿನ ವಿಷಯದಲ್ಲಿ ತನಿಖಾಧಿಕಾರಿಯು ಕಂಪನಿಯಿಂದ ಕರೆಗಳ ವಿವರಪಟ್ಟಿಯನ್ನು ಪ್ರಮಾಣಪತ್ರದೊಂದಿಗೆ ತರಿಸಬಹುದು. ಆದರೆ ಆ ಪಟ್ಟಿ ಕರೆಯನ್ನು ಹೇಳುತ್ತದೆಯೇ ಹೊರತು ಪರದೆಯ ಮೇಲೆ ಓಡುತ್ತಿದ್ದ ವಿಡಿಯೊವನ್ನು ಹೇಳುವುದಿಲ್ಲ, ಮತ್ತು ಡಿಕ್ಕಿಯ ಗಳಿಗೆ ನಿಮಿಷದ ಮಟ್ಟಿಗೆ ಗೊತ್ತಿಲ್ಲದಿದ್ದರೆ ಅದಕ್ಕೂ ಬೆಲೆಯಿಲ್ಲ.

ಮಾವಳ್ಳಿಯ ಮಟ್ಟಿಗೆ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 123 ಅಡಿಯ ಶಿವನ ಮೂರ್ತಿಯೂ ಇಪ್ಪತ್ತು ಅಂತಸ್ತಿನ ರಾಜಗೋಪುರವೂ ಎದ್ದ ಮೇಲೆ, ದೂರದ ಜಿಲ್ಲೆಗಳ ವಾಹನಗಳು ಹೆದ್ದಾರಿ ಬಿಟ್ಟು ಕಡಲಿನತ್ತ ಹೊರಳುವ ತಿರುವಾಗಿ ಈ ಊರು ಬದಲಾಯಿತು. ಪರಸ್ಥಳದ ಚಾಲಕನು ಇಲ್ಲಿ ಒಂದೇ ಗಳಿಗೆಯಲ್ಲಿ ನಾಮಫಲಕ ಓದಬೇಕು, ಫೋನಿನ ನಕ್ಷೆ ನೋಡಬೇಕು, ಲಾಡ್ಜು ಹೋಟೆಲುಗಳ ಜಾಹೀರಾತುಗಳ ನಡುವೆ ದಾರಿ ಹುಡುಕಬೇಕು, ಚತುಷ್ಪಥದ ವೇಗದಿಂದ ಊರೊಳಗಿನ ವೇಗಕ್ಕೆ ಇಳಿಯಬೇಕು. ರಸ್ತೆಬದಿಯ ಜಾಹೀರಾತು ಚಾಲಕರ ಲಕ್ಷ್ಯವನ್ನು ಸೆಳೆಯುತ್ತದೆಂಬ ಕಾರಣಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ ಅರ್ಧ ಶತಮಾನಕ್ಕೂ ಹಿಂದೆಯೇ ಅದರ ಬಗೆಗೆ ಮಾರ್ಗಸೂಚಿ ಪ್ರಕಟಿಸಿದ್ದುಂಟು. ಆದರೆ ಅಪಘಾತದ ನಂತರ ಆ ಫಲಕಗಳ ಜಾಗವನ್ನು ಕೈ ನಕ್ಷೆಯಲ್ಲಿ ಗುರುತಿಸುವ ರೂಢಿ ಬಂದಿಲ್ಲ. ಗಮನಭಂಗವೆಂದರೆ ಚಾಲಕನ ನೀತಿಗೇಡಿತನ ಮಾತ್ರವಲ್ಲ, ಗಮನವನ್ನು ಬೇಡುವ ಸ್ಥಳದ ರಚನೆಯೂ ಹೌದು ಎಂಬುದನ್ನು ಈ ತಿರುವು ಸ್ಪಷ್ಟವಾಗಿ ತೋರಿಸುತ್ತದೆ.

ಹೆದ್ದಾರಿಯ ಪೂರ್ವಕ್ಕೆ, ಅದರ ಜೊತೆಜೊತೆಯಾಗಿಯೇ ಸಾಗುವ ಕೊಂಕಣ ರೈಲು ಮಾರ್ಗದಲ್ಲಿ ಮುರ್ಡೇಶ್ವರ ನಿಲ್ದಾಣವಿದೆ. ಆ ಹಳಿಯ ಮೇಲೆ ಪ್ರಯಾಣಿಕರ ಗಾಡಿ ಅಪಘಾತಕ್ಕೀಡಾಗಿ ಜೀವಹಾನಿಯಾದರೆ, ರೈಲ್ವೆ ಮಂಡಳಿಯ ಅಧೀನದಲ್ಲಿಲ್ಲದ, ನಾಗರಿಕ ವಿಮಾನಯಾನ ಸಚಿವಾಲಯದಡಿ ಬರುವ ರೈಲ್ವೆ ಸುರಕ್ಷತಾ ಆಯುಕ್ತರು ಪೊಲೀಸ್ ಪ್ರಕರಣದಿಂದ ಬೇರೆಯಾಗಿಯೇ ಕಾರಣ ಶೋಧಿಸುತ್ತಾರೆ. ಸಿಗ್ನಲ್ಲು, ಹಳಿ, ಕೆಲಸದ ಅವಧಿ, ಚಾಲಕನ ಸ್ಥಿತಿ ಎಲ್ಲವೂ ಅವರ ವಿಚಾರಣೆಗೆ ಒಳಪಡುತ್ತವೆ. ರಸ್ತೆಯ ಮೇಲೆ ಅಂಥ ಎರಡನೆಯ ವಿಚಾರಣೆ ಕಾನೂನಿನ ಅಂಗವಾಗಿಲ್ಲ. 2011ರಲ್ಲಿ ಆರಂಭವಾದ ರಾಸಿ ಎಂಬ ಅಪಘಾತ ಅಧ್ಯಯನ ಯೋಜನೆಯು ಆಯ್ದ ಕೆಲವು ಪ್ರದೇಶಗಳಲ್ಲಿ ಸ್ಥಳಕ್ಕೆ ತಜ್ಞರನ್ನು ಕಳುಹಿಸಿ, ಒಂದು ಅಪಘಾತಕ್ಕೆ ಹಲವು ಕಾರಣಗಳನ್ನು ಒಟ್ಟಿಗೆ ಬರೆಯುವ ಪದ್ಧತಿಯನ್ನು ದೇಶದಲ್ಲಿ ಮಾಡಿ ತೋರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪೊಲೀಸ್ ಮಾಹಿತಿಯನ್ನು ಆಸ್ಪತ್ರೆಗಳ ಮಾಹಿತಿಯೊಡನೆ ಜೋಡಿಸಿ ನೋಡುವ ಕೆಲಸ ಮಾಡಿದೆ. ಇಂಥ ಶೋಧ ಜಿಲ್ಲಾ ಮಟ್ಟಕ್ಕೆ ಬಂದು, ಚಾಲಕನು ಹೇಳಿದ ಮಾತು ಅವನ ವಿರುದ್ಧ ಸಾಕ್ಷ್ಯವಾಗದೆಂಬ ಖಾತರಿಯೊಂದಿಗೆ ಬೇರೊಂದು ಪುಟದಲ್ಲಿ ಬರೆಯಲ್ಪಟ್ಟರೆ, 1860ರಿಂದ ನಡೆದುಬಂದ ಕಲಮಿನ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ, ಸಂತ್ರಸ್ತ ಕುಟುಂಬದ ಪರಿಹಾರಕ್ಕೂ ಕುಂದು ಬಾರದು. ಕಾರವಾರದಿಂದ ಭಟ್ಕಳದವರೆಗಿನ ಹೆದ್ದಾರಿಯ ಠಾಣೆಗಳಲ್ಲಿ ಆ ಪುಟ ಇನ್ನೂ ಸೇರ್ಪಡೆಯಾಗಿಲ್ಲ.